ಪೂಜೆಗಿಟ್ಟ ಕತ್ತರಿ

ರಾಯದುರ್ಗದ ಜೀನ್ಸ್ ಯೂನಿಟ್ಟಿನಲ್ಲಿ ರಾಧಿಕಾಳಿಗೆ ಹನ್ನೊಂದು ವರ್ಷದಿಂದ ಒಂದೇ ಕೆಲಸ. ಹೊಲಿದು ಬಂದ ಪ್ಯಾಂಟುಗಳ ಮೇಲೆ ಉಳಿದ ದಾರದ ಎಳೆಗಳನ್ನು ಕತ್ತರಿಸುವುದು. ಯೂನಿಟ್ಟಿನಲ್ಲಿ ಮುಗಿಯದಿದ್ದರೆ ಮನೆಗೆ ತಂದು ಕತ್ತರಿಸುವುದು. ಆಯುಧಪೂಜೆಯ ದಿನ ಕತ್ತರಿಗೆ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟರೆ ಮಾತ್ರ ಅವಳ ಕೈಗೆ ಬಿಡುವು. ವಿಜಯದಶಮಿ ಕಳೆಯುವ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ.

ಆ ಬಿಡುವನ್ನು ನಂಬಿಯೇ ಅವಳು ಮಕ್ಕಳಿಗೆ ಮಾತು ಕೊಟ್ಟಿದ್ದಳು. ಸಮುದ್ರದ ದಂಡೆಯಲ್ಲಿ ಡೇರೆ ಹಾಕುವುದು, ಮೊದಲನೇ ಅಲೆಗೆ ಮೂವರೂ ಕೈ ಹಿಡಿದು ನಿಲ್ಲುವುದು. ಡೇರೆಯನ್ನು ಅವಳೇ ಊಟದ ಬಿಡುವಿನಲ್ಲಿ ಕೂತು ಹಳೇ ಟಾರ್ಪಾಲಿನಲ್ಲಿ ಹೊಲಿದಿದ್ದಳು. ಎಂಟು ವರ್ಷದ ಪವಿತ್ರ ಅದರ ಬಾಗಿಲಿಗೆ ಗುಂಡಿ ಹಚ್ಚಿದ್ದಳು.

ಬೆಳಗಿನ ಜಾವವೇ ಪೂಜೆ ಮುಗಿಸಿ, ಗಂಡ ಮಾರೇಶ ಓಮ್ನಿಯ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹೊರಡಿಸಿದ. ಹಿಂದಿನ ಸೀಟಿನಾಚೆ ಬೆಡ್‌ಶೀಟು ಹೊದಿಸಿದ ಎರಡು ಗಂಟುಗಳಿದ್ದವು. “ಯೂನಿಟ್ಟಿನ ಸಾಹುಕಾರ್ರ ಮಾಲು. ಕುಮಟಾದ ಅಂಗಡಿಗೆ ಇಳಿಸಿದ್ರ ಆತು,” ಎಂದ. ಹಬ್ಬದ ದಿನ ಜಗಳ ಯಾಕೆಂದು ರಾಧಿಕಾ ಮಕ್ಕಳನ್ನು ಸರಿಯಾಗಿ ಕೂರಿಸಿಕೊಂಡಳು.

ಅಂಕೋಲಾ ದಾಟಿ ದಂಡೆಯ ಗಾಳಿಮರಗಳ ಕೆಳಗೆ ಗಾಡಿ ನಿಂತಾಗ ಬಿಸಿಲು ಇನ್ನೂ ಇತ್ತು. ಐದು ವರ್ಷದ ಶಿವರಾಮ ಚಡ್ಡಿ ಬಿಚ್ಚಿ ತಯಾರಾಗಿಬಿಟ್ಟ.

“ಡೇರೆ ಎಲ್ಲೈತ್ರಿ?” ಎಂದಳು ರಾಧಿಕಾ.

ಮಾರೇಶ ತಲೆ ಕೆರೆದುಕೊಂಡ. “ಗಂಟಿಗೆ ಜಾಗ ಸಾಲಲಿಲ್ಲ. ಅಟ್ಟದ ಮ್ಯಾಲೆ ಇಟ್ಟು ಬಂದೀನಿ.” ಆಮೇಲೆ ಜೇಬಿನಿಂದ ಒಂದು ವಸ್ತು ತೆಗೆದು ಮೆತ್ತಗೆ ಚಾಚಿದ. “ದಾರ ಒಂದೀಟು ಕತ್ತರಸ್ಬಕು. ಸಾಹುಕಾರ್ರಿಗೆ ಒಪ್ಪಿಕೊಂಡುಬಿಟ್ಟೀನಿ. ಹೆಂಗೂ ದಂಡ್ಯಾಗ ಸುಮ್ನ ಕುಂತಿರ್ತಿ.”

ಅದು ಅವಳ ಕತ್ತರಿ. ಹಿಡಿಯ ಮೇಲೆ ಬೆಳಗ್ಗೆ ಅವಳೇ ಹಚ್ಚಿದ ಕುಂಕುಮ ಇನ್ನೂ ಇತ್ತು.

ರಾಧಿಕಾಳಿಗೆ ಅಂಗಾಲಿನಿಂದ ನೆತ್ತಿಗೆ ಸಿಟ್ಟು ಏರಿತು. ಸುಮ್ಮನೆ ಕೂತಿರುವುದಂತೆ! ಇಡೀ ವರ್ಷದಲ್ಲಿ ಎರಡು ದಿನ ಕತ್ತರಿಗೆ ಸಿಗುವ ಬಿಡುವು ಅದನ್ನು ಹಿಡಿಯುವ ಕೈಗೆ ಸಿಗಬಾರದೇನು? ಅವಳು ಒಂದು ಗಂಟು ಎಳೆದು ಹಾಕಿ ಬಿಚ್ಚಿದಳು. ಅದರ ಹಗ್ಗವನ್ನೇ ಎರಡು ಮರಗಳ ನಡುವೆ ಬಿಗಿದಳು. ಹೊಚ್ಚ ಹೊಸ ಪ್ಯಾಂಟುಗಳನ್ನು ಕಾಲಿಗೆ ಕಾಲು ಗಂಟು ಹಾಕಿ ಹಗ್ಗದ ಮೇಲೆ ಡೇರೆಯಂತೆ ಇಳಿಬಿಟ್ಟಳು. ಪವಿತ್ರ ಓಡೋಡಿ ಒಂದೊಂದೇ ಪ್ಯಾಂಟು ತಂದುಕೊಟ್ಟಳು. ಶಿವರಾಮ ಒಳಗೆ ನುಗ್ಗಿ ಕೇಕೆ ಹಾಕಿದ.

“ಹುಚ್ಚು ಹಿಡೀತೇನು ನಿನಗ? ಉಸುಕು ಮೆತ್ತಿದ್ರ ಸಾಹುಕಾರ್ರು ನನ್ನ ಜೀವ ತೆಗೀತಾರ!”

“ದೇವರ ಮುಂದಿನ ಕತ್ತರಿ ಕದಿಯೋವಾಗ ದೇವರು ಏನಾರ ಅಂತಾನ ಅನ್ನೋ ಅಂಜಿಕಿ ಇರಲಿಲ್ಲ. ಸಾಹುಕಾರ್ರಿಗೆ ಅಂಜ್ತೀರಿ. ಭಾಳ ಚೆಂದ ಐತ್ರಿ ನಿಮ್ಮ ಭಕ್ತಿ!”

“ಮಾತು ಕೊಟ್ಟೀನಲ್ಲ...”

“ಮಾತು ನಾನೂ ಕೊಟ್ಟೀನ್ರಿ, ಇವರಿಬ್ಬರಿಗೆ. ನಿಮ್ಮ ಮಾತು ನಿಮ್ಮ ಕೈಲೆ ತೀರಸ್ರಿ.” ಇನ್ನೊಂದು ಗಂಟನ್ನು ಅವನ ಮುಂದಕ್ಕೆ ತಳ್ಳಿ, ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಮಕ್ಕಳ ಕೈ ಹಿಡಿದು ಹೊರಟಳು.

ಮಾರೇಶ ಉಸುಕಿನಲ್ಲಿ ಕೂತ. ಒಂದು ಪ್ಯಾಂಟು ತೊಡೆಯ ಮೇಲೆ ಹಾಸಿ, ತಿರುಗಿಸಿ, ಮತ್ತೆ ತಿರುಗಿಸಿದ.

“ಲೇ ರಾಧಿಕಾ, ಯಾವ ದಾರ ಕತ್ತರಸ್ಬಕು? ಯಾವುದು ಬಿಡಬಕು?” ಎಂದು ಹಿಂದಿನಿಂದ ಕೂಗಿದ.

ಹನ್ನೊಂದು ವರ್ಷ ಅವನ ಕಣ್ಣೆದುರೇ, ಮನೆಯ ಪಡಸಾಲೆಯಲ್ಲಿ ಕೂತು ಕತ್ತರಿಸಿದ್ದಳು. ರಾಧಿಕಾ ತಿರುಗಿ ನೋಡಲಿಲ್ಲ. ಅಲೆ ಬರುತ್ತಿತ್ತು, ಮಕ್ಕಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.