ಆಮೇಲೆ ಓದುವ ಪಟ್ಟಿಯಲ್ಲಿ ಸಾಲ್ಹಾ

ಅಲ್ಪವಿರಾಮದ ಬಾಲ ತಪ್ಪು ದಿಕ್ಕಿಗೆ ಬಾಗಿದೆ, ಅರಬ್ಬಿಯಲ್ಲಿ ಅದು ಮೇಲಕ್ಕಿರಬೇಕು, ಈ ಹಸಿರು ಆ್ಯಪ್ ಅದನ್ನು ಕೆಳಕ್ಕೆ ಎಳೆದು ಸಾಲಿನ ಆಚೆ ತುದಿಗೆ ತಳ್ಳಿದೆ, ಬಲದಿಂದ ಎಡಕ್ಕೆ ಹೋಗಬೇಕಾದ ಅಕ್ಷರಗಳು ಎಡಗೋಡೆಗೆ ಒರಗಿ ಕೂತಿವೆ, ಬರೆದುಕೊಳ್ಳಬೇಕು, ಹಸಿರು: ಅರಬ್ಬಿ ಸರಿಯಿಲ್ಲ — ರೈಲು ಕಾರ್ತೇಜ್ ದಾಟಿತು, ಬಾಗಿಲು ಎಂದಿನಂತೆ ಪೂರ್ತಿ ಮುಚ್ಚಿಲ್ಲ, ಸಮುದ್ರದ ಗಾಳಿ ಕಾಗದ ಹಾರಿಸುತ್ತಿದೆ, ನಾಲ್ಕು ಆ್ಯಪ್, ಆರು ಪ್ರಶ್ನೆ, ಇಪ್ಪತ್ತನಾಲ್ಕು ಉತ್ತರ, ಹನ್ನೆರಡು ಗಂಟೆಯೊಳಗೆ ಪುಟಕ್ಕೆ ಹೋಗಬೇಕು. ಓದುಗರಿಗೆ ನಿಜಕ್ಕೂ ಬೇಕಾದ ಬರಹ ಇದು, ಹಳೆಯ ಆ್ಯಪ್ ಬಾಗಿಲು ಹಾಕಿಕೊಂಡಿದೆ, ವರ್ಷಗಟ್ಟಲೆ ಆಮೇಲೆ ಓದೋಣವೆಂದು ಎತ್ತಿಟ್ಟ ಲೇಖನಗಳನ್ನು ಹೊತ್ತುಕೊಂಡು ಜನ ಹೊಸ ಮನೆ ಹುಡುಕುತ್ತಿದ್ದಾರೆ, ನಾನೂ, ನನ್ನವು ಎರಡು ಸಾವಿರದ ಮುನ್ನೂರ ಹನ್ನೊಂದು, ಓದಿದ್ದು ಅದರಲ್ಲಿ ಕಾಲುಭಾಗ ಇದ್ದೀತು, ಹೆಚ್ಚಿಲ್ಲ. ಸಂಪಾದಕ ಸಿ ಮೊನ್ಜಿ, ಎಂದರೆ ಮೊನ್ಜಿ ಸಾಹೇಬರು, ನಿನ್ನೆ ಕನ್ನಡಕ ಹಣೆಗೇರಿಸಿ, ದಲೆಂದಾ, ನಿನ್ನ ಪುರಾಣ ಬೇಡ ಮಗಳೇ, ಯಾವ್ದು ಹಾಕ್ಕೋಬೇಕು ಅಂತ ಹೇಳು, ಒಂದು ಪಟ್ಟಿ, ಒಳ್ಳೇದಕ್ಕೆ ಒಂದು ನಕ್ಷತ್ರ, ಮುಗೀತು, ನಮ್ಮ ಬ್ಯಾಂಕ್ ಕಾರ್ಡ್ ತಗೊಳ್ಳುತ್ತೋ ಇಲ್ವೋ ಅದನ್ನೂ ಹಾಕು, ಇಲ್ಲಾಂದ್ರೆ ಅರ್ಧ ಟ್ಯುನಿಸ್ ನಂಗೆ ಫೋನ್ ಮಾಡುತ್ತೆ, ಎಂದಿದ್ದರು. ಸರಿ, ಜಾಲ ಇಲ್ಲದಾಗ ತೆರೆಯುತ್ತದೆಯೇ, ಇದು ಐದನೇ ಪ್ರಶ್ನೆ, ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿದ್ದೇನೆ, ಹಸಿರು ಆ್ಯಪ್ ಬಿಳಿ ಪುಟ ತೋರಿಸಿ ಕೈಚೆಲ್ಲಿತು, ಹಳದಿ ಆ್ಯಪ್ ಶೀರ್ಷಿಕೆ ಮಾತ್ರ ಕೊಟ್ಟಿತು, ಕೆಂಪು ಆ್ಯಪ್ ಪಠ್ಯ ಕೊಟ್ಟಿತು, ಕಪ್ಪು — ಕಪ್ಪು ಆ್ಯಪ್ ತಾನಾಗಿಯೇ ನಿಮ್ಮ ಹಳೆಯ ಸಂಗ್ರಹದಿಂದ ಎಂದು ಒಂದನ್ನು ಮುಂದಿಟ್ಟಿತು, ಚಿತ್ರ ಸಮೇತ, ಒಂದು ಚುಕ್ಕೆಯೂ ಕೆಡದೆ. ಒಂದು ತೋರುಬೆರಳು. ಉಗುರಿನ ಕೆಳಗೆ ನೀಲಿ ದಾರ, ಮೂರು ಸುತ್ತು, ಗಂಟು.

ಇದು ಇಲ್ಲಿರಬಾರದು. ಇದನ್ನು ನಾನು ಅಳಿಸಿದ್ದೇನೆ, ಸಾಕ್ಷಿಯೆದುರು ಅಳಿಸಿದ್ದೇನೆ, ಆದರೆ ನಿಲ್ಲು, ಗಾಬರಿಯಾಗದೆ ದಿನಾಂಕ ಜೋಡಿಸು. ಮಾರ್ಚ್ ಹದಿನಾಲ್ಕು, ಶುಕ್ರವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಪತ್ರಕರ್ತೆ ನಾಇಲಾಳ ಲೇಖನ ಅವಳದೇ ಸಣ್ಣ ಸುದ್ದಿ ಜಾಲತಾಣದಲ್ಲಿ ಬಂತು, ಕ್ಸಾರ್ ಹೆಲ್ಲಾಲ್‌ನ ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕೆಲಸದ ಹೊತ್ತು ಹಿಂಬಾಗಿಲಿಗೆ ಬೀಗ ಹಾಕುತ್ತಾರೆ, ಔಷಧದ ಪೆಟ್ಟಿಗೆಗೂ ಬೀಗ, ಸೂಜಿ ಚುಚ್ಚಿದರೆ ಹೆಂಗಸರು ಯಂತ್ರದ ದಾರವನ್ನೇ ಬೆರಳಿಗೆ ಬಿಗಿದು ಮುಂದಿನ ಅಂಗಿ ಎತ್ತಿಕೊಳ್ಳುತ್ತಾರೆ, ಹೇಳಿದವಳು ಸಾಲ್ಹಾ, ಎರಡನೇ ಸಾಲಿನ ಯಂತ್ರದಲ್ಲಿ ಅಂಗಿಯ ಗುಂಡಿಗಳಿಗೆ ಕಾಜಾ ಹಾಕುವವಳು. ಒಂಬತ್ತೂಕಾಲಿಗೆ ಇದೇ ರೈಲಿನಲ್ಲಿ ಮೊದಲ ಎರಡು ಸಾಲು ನೋಡಿ ಉಳಿಸು ಒತ್ತಿದೆ, ಚೆನ್ನಾಗಿದೆ, ಆಮೇಲೆ ಓದೋಣ. ಹತ್ತೂ ಇಪ್ಪತ್ತೈದಕ್ಕೆ ಸಾಲ್ಹಾ ಹೆದರಿ ಫೋನ್ ಮಾಡಿದಳೆಂದು ನಾಇಲಾ ಲೇಖನದಿಂದ ಹೆಸರು ತೆಗೆದಳು, ಯಂತ್ರದ ಮಾತು ತೆಗೆದಳು, ಬೆರಳಿನ ಚಿತ್ರ ತೆಗೆದಳು, ಅಷ್ಟು ಹೊತ್ತಿಗೆ ಓದಿದ್ದವರು ನಲವತ್ತು ಜನ ಎಂದು ಅವಳೇ ಆಮೇಲೆ ಲೆಕ್ಕ ಕೊಟ್ಟಳು. ನನ್ನ ಫೋನಿನೊಳಗಿನ ಪ್ರತಿಗೆ ಇದಾವುದೂ ಗೊತ್ತಿಲ್ಲ, ಅದು ಒಂಬತ್ತೂಕಾಲಿನಲ್ಲೇ ನಿಂತಿತ್ತು. ಸಂಜೆ ನಾಲ್ಕಕ್ಕೆ ವಾರದ ಪತ್ರಿಕಾ ನೋಟ ಬರೆಯುವವಳು ನಾನು, ಇತರರು ಏನು ಬರೆದರು ಎಂಬ ಅಂಕಣ, ಉಳಿಸಿಟ್ಟ ಪಟ್ಟಿಯಿಂದ ಎತ್ತಿ ಎತ್ತಿ ಪೋಣಿಸುವುದು, ಒಂದೇ ಸಲ ಓದಿ ಅಲ್ಲೇ ಉದ್ಧರಿಸುವುದು, ಮೂಲವನ್ನು ಅಚ್ಚಿಗೆ ಮುನ್ನ ಇನ್ನೊಮ್ಮೆ ತೆರೆದು ನೋಡು ಎಂದು ಸಿ ಮೊನ್ಜಿ ಮೊದಲ ವಾರ ಕಲಿಸಿದ್ದರು, ಅದು ಏಳು ವರ್ಷದ ಹಿಂದೆ, ತೆರೆಯಲು ಬೇಕಾಗಿದ್ದದ್ದು ಐದು ಸೆಕೆಂಡು, ನಾನು ತೆರೆಯಲಿಲ್ಲ. ಸಾಲ್ಹಾ, ಕಾಜಾ, ಎರಡನೇ ಸಾಲು, ನನ್ನ ಅಂಕಣದಲ್ಲಿ, ಕಾಗದದ ಮೇಲೆ, ಶನಿವಾರ. ಜಾಲತಾಣದಿಂದ ಹೆಸರು ತೆಗೆಯಬಹುದು, ಕಾಗದದಿಂದ ತೆಗೆಯುವುದು ಹೇಗೆ, ಸೋಮವಾರ ಕಾರ್ಖಾನೆಯ ಕಾವಲುಗಾರ ಆ ಪುಟವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಗೇಟಿನಲ್ಲಿ ಸಾಲ್ಹಾಳನ್ನು ತಡೆದನಂತೆ, ಕಾಜಾ ಯಂತ್ರ ಕೆಟ್ಟಿದೆ ತಾಯಿ, ರಿಪೇರಿ ಆದ್ಮೇಲೆ ಹೇಳಿ ಕಳಿಸ್ತಾರೆ. ಯಂತ್ರ ಕೆಟ್ಟಿರಲಿಲ್ಲ. ಆ ಬೆರಳಿನಷ್ಟು ಕೂಡ ಕೆಟ್ಟಿರಲಿಲ್ಲ.

ತಿದ್ದುಪಡಿ ಹಾಕೋಣ ಎಂದೆ, ಸಿ ಮೊನ್ಜಿ ಬೇಡವೆಂದು ತಲೆಯಾಡಿಸಿದರು, ಏನಂತ ಹಾಕ್ತೀಯ, ಸಾಲ್ಹಾ ಅನ್ನೋ ಹೆಸರು ಹಾಕಬಾರದಿತ್ತು ಅಂತ ಇನ್ನೊಂದ್ಸಲ ಸಾಲ್ಹಾ ಅಂತ ಹಾಕ್ತೀಯಾ, ಬಾಯಿ ಮುಚ್ಕೊಂಡು ಹೋಗಿ ಅವಳ ಕಾಲು ಹಿಡ್ಕೋ — ಹೋದೆ, ಕೂಡಲೇ ಅಲ್ಲ, ಮೂರು ವಾರ ಬಿಟ್ಟು, ಅದನ್ನೂ ಆಮೇಲೆ ಎಂದೇ ಎತ್ತಿಟ್ಟಿದ್ದೆ. ಅವಳ ಅಂಗಳದಲ್ಲಿ ಗುಲಾಬಿ ಬಣ್ಣದ ಕೆಲಸದ ಅಂಗಿ ಒಣಗುತ್ತಿತ್ತು, ಕೆಲಸವಿಲ್ಲದಿದ್ದರೂ ಒಗೆದಿದ್ದಳು. ಬರ್ದೋಳು ನೀನೇನಾ, ಪೇಪರ್ ಫೋಟೋದಲ್ಲಿ ದೊಡ್ಡೋಳ ಥರ ಕಾಣ್ತಿದ್ದೆ, ಇಷ್ಟೇನಾ, ಎಂದಳು. ಒಳಗಿನಿಂದ ಅವಳ ಅತ್ತೆ, ಸಕ್ಕರೆ ಕಮ್ಮಿ ಹಾಕೇ ಅವ್ಳ ಚಹಾಕ್ಕೆ, ಸಿಹಿ ಹೆಚ್ಚಾದ್ರೆ ಅದನ್ನೂ ಬರ್ದಾಳು. ಸಾಲ್ಹಾ ನಕ್ಕಳು, ಚಹಾ ತಂದಳು, ಬ್ರೆಡ್ಡು, ಆಲಿವ್ ಎಣ್ಣೆ, ಎಣ್ಣೆಯಲ್ಲಿ ಅದ್ದಿದ ಅವಳ ಬೆರಳಲ್ಲಿ ದಾರವಿರಲಿಲ್ಲ, ದಾರವಿದ್ದ ಜಾಗದಲ್ಲಿ ಬಿಳಿ ಗೆರೆಯಿತ್ತು. ನಾನು ನಿಜಾನೇ ಹೇಳಿದ್ದು ಲಲ್ಲಾ — ನಮ್ಮಲ್ಲಿ ಅಕ್ಕಾ ಎಂದ ಹಾಗೆ — ಸುಳ್ಳಲ್ಲ, ಆದ್ರೆ ಆ ಹುಡುಗಿಗೆ ಹೆಸರು ತೆಗಿ ಅಂದೆ, ತೆಗೆದ್ಲು, ನೀನ್ಯಾಕೆ ತೆಗೀಲಿಲ್ಲ? ನನಗೆ ಗೊತ್ತಿರಲಿಲ್ಲ ಎಂದೆ, ಬೆಳಿಗ್ಗೆಯೇ ಫೋನಲ್ಲಿ ಉಳಿಸಿಕೊಂಡಿದ್ದೆ, ಓದಲೆಂದು. ಓದೋಕೆ ಅಂತ ಇಟ್ಕೊಂಡು ಓದ್ಲಿಲ್ವಾ? ಓದಿದೆ, ಸಂಜೆ. ಮತ್ತೆ ಬೆಳಿಗ್ಗೆ ಇಟ್ಕೊಂಡಿದ್ದು ಸಂಜೆಗೆ ಹಳಸಿತ್ತು ಅನ್ನು, ಮೀನಾದ್ರೆ ಮೂಸಿ ನೋಡ್ತಿದ್ದೆ ಅಲ್ವಾ. ಅತ್ತೆ ಒಳಗಿನಿಂದ ಕೆಮ್ಮಿದಳು, ಅದು ನಗುವೂ ಇದ್ದೀತು. ಆಮೇಲೆ ಸಾಲ್ಹಾ ನನ್ನ ಪಕ್ಕಕ್ಕೇ ಬಂದು ಕೂತಳು, ನನ್ನ ಮುಂದೇನೇ ಅಳಿಸು, ಬೆರಳೂ ಅಳಿಸು, ಈ ಊರಲ್ಲಿ ಅದು ನನ್ನ ಬೆರಳು ಅಂತ ಎಲ್ರಿಗೂ ಗೊತ್ತು, ನೀವೆಲ್ಲ ಹೆಸರಂದ್ರೆ ಮುಖಕ್ಕಿರೋದು ಅಂದ್ಕೊಂಡಿದೀರಿ. ಅಳಿಸಿದೆ, ಖಚಿತವೇ ಎಂದು ಆ್ಯಪ್ ಕೇಳಿತು, ಹೌದು ಎಂಬುದನ್ನು ಅವಳೇ ಒತ್ತಿದಳು, ಆ ಬೆರಳಿನಿಂದಲೇ. ಇಲ್ಲ ತಾನೆ ಇನ್ನು? ಇಲ್ಲ ಎಂದೆ. ನಿಜವನ್ನೇ ಹೇಳಿದೆನೆಂದು ಆಗ ನಂಬಿದ್ದೆ. ಆದರೆ ಆ ಹಳೆಯ ಆ್ಯಪ್ ಮುಚ್ಚುತ್ತಿದೆ ಎಂಬ ಸೂಚನೆ ಅದಕ್ಕೆ ಹತ್ತು ದಿನ ಮುಂಚೆಯೇ ಬಂದಿತ್ತು, ನಿಮ್ಮದನ್ನೆಲ್ಲ ಕಟ್ಟಿಕೊಂಡು ಹೋಗಿ ಎಂದಿತ್ತು, ನಾನು ಪಠ್ಯ, ಚಿತ್ರ ಎಲ್ಲ ಸೇರಿಸಿ ಒಂದೇ ಕಡತ ಮಾಡಿ ಕಚೇರಿಯ ಕಂಪ್ಯೂಟರಿನಲ್ಲಿ ಇಟ್ಟಿದ್ದೆ, ಅದರೊಳಗೆ ಇದೂ ಇದೆಯೆಂಬುದನ್ನು ಮರೆತಿದ್ದೆ, ನಿನ್ನೆ ಕಚೇರಿಯಿಂದ ಹೊರಡುವ ಮುನ್ನ ಅದನ್ನೇ ನಾಲ್ಕೂ ಆ್ಯಪ್‌ಗಳಿಗೆ ಹಾಕಿದೆ, ಪರೀಕ್ಷೆಗೆಂದು.

ಹಲ್ಕ್ ಎಲ್ ವಾದ್ ನಿಲ್ದಾಣ, ಜನ ಇಳಿದರು, ಒಬ್ಬ ಮುದುಕ ಪಕ್ಕದಲ್ಲಿ ಕೂತು ನನ್ನ ಪರದೆ ನೋಡಿ, ಗಾಯಾನಾ ಮಗಳೇ, ಎಂದ, ಹ್ಞೂಂ ಎಂದೆ. ಜಾಲ ಮತ್ತೆ ಹಾಕಿದ್ದೇನೆ, ಒಂದೊಂದಾಗಿ ತೆರೆದು ನೋಡಿದೆ, ಹಸಿರು ಆ್ಯಪ್ ಕಡತದಿಂದ ಕೊಂಡಿ ಮಾತ್ರ ತೆಗೆದುಕೊಂಡು ಮೂಲ ತಾಣಕ್ಕೆ ಹೋಗಿ ಈಗಿನ ಪಠ್ಯ ತಂದಿದೆ, ಹೆಸರಿಲ್ಲ, ಒಬ್ಬ ಕೆಲಸಗಾರ್ತಿ ಎಂದಿದೆ, ಹಳದಿಯೂ ಹಾಗೆಯೇ, ಕೆಂಪಿನಲ್ಲಿ ಹೆಸರಿದೆ, ಕಪ್ಪಿನಲ್ಲಿ ಹೆಸರು, ಯಂತ್ರ, ಬೆರಳು. ಈಗ ನಕ್ಷತ್ರ ಯಾರಿಗೆ? ಇದು ತಮಾಷೆಯಲ್ಲ, ನಮ್ಮಲ್ಲಿ ತಾಣಗಳು ರಾತ್ರೋರಾತ್ರಿ ಮಾಯವಾಗುತ್ತವೆ, ಇದ್ದ ಲೇಖನ ಇಲ್ಲವೆನ್ನುತ್ತಾರೆ, ಓದುಗನಿಗೆ ಬೇಕಾದದ್ದು ಮಾತು ಬದಲಿಸದ ಆ್ಯಪ್, ಒಮ್ಮೆ ಕೊಟ್ಟಿದ್ದನ್ನು ಕೊಟ್ಟ ಹಾಗೆಯೇ ಇಟ್ಟುಕೊಳ್ಳುವಂಥದ್ದು, ಅದು ಕಪ್ಪು, ಆರರಲ್ಲಿ ಐದು ಅಂಕ, ಅರಬ್ಬಿ ಸರಿಯಾಗಿದೆ, ಅಲ್ಪವಿರಾಮದ ಬಾಲ ಕೂಡ ಮೇಲಕ್ಕೇ ಇದೆ. ಮೂಲ ತಿದ್ದಿದರೆ ಹೇಳುತ್ತದೆಯೇ ಎಂದು ಏಳನೇ ಪ್ರಶ್ನೆ ಸೇರಿಸಿದೆ, ನಾಲ್ಕರ ಎದುರೂ ಇಲ್ಲ ಎಂದು ಬರೆದೆ, ಯಾಕೆ ಈ ಪ್ರಶ್ನೆ ಎಂದು ಓದುಗ ಕೇಳುತ್ತಾನೆ, ಅದಕ್ಕೆ ನಡೆದದ್ದು ಬರೆಯಬೇಕು, ಹೆಸರಿಲ್ಲದೆ, ತಪ್ಪು ನನ್ನದೆಂದು, ಸಿ ಮೊನ್ಜಿ ಕೂಗಾಡಲಿ. ಆದರೆ ಅವಳನ್ನು ಕೇಳದೆ ಇನ್ನೊಂದು ಸಾಲೂ ಬರೆಯಲಾರೆ. ಹತ್ತು ಗಂಟೆ, ಫೋನ್ ಮಾಡಿದೆ, ಮೂರನೇ ಸದ್ದಿಗೆ ಎತ್ತಿಕೊಂಡಳು, ಹಿಂದೆ ಯಂತ್ರಗಳ ಸದ್ದು. ಬೇಗ ಹೇಳು ಲಲ್ಲಾ, ಕಾಲು ಗಂಟೆ ಬಿಡುವು ಅಷ್ಟೇ, ಮೊಕ್ನೀನ್ ಊರಲ್ಲಿ ಕೆಲ್ಸ ಸಿಕ್ತು, ಹದಿನೈದು ದಿನ ನೋಡ್ತಾರಂತೆ, ಇವತ್ತಿಗೆ ಒಂಬತ್ತು, ಇಲ್ಲಿ ಯಾರಿಗೂ ಗೊತ್ತಿಲ್ಲ ನಾನ್ಯಾರು ಅಂತ. ಹೇಳಿದೆ, ಆ್ಯಪ್‌ಗಳ ಬಗ್ಗೆ ಬರೆಯುತ್ತಿದ್ದೇನೆ, ನನ್ನ ತಪ್ಪನ್ನೂ ಬರೆಯಬೇಕೆಂದಿದೆ, ನಿನ್ನ ಹೆಸರಿಲ್ಲ, ಊರಿಲ್ಲ, ಯಂತ್ರವಿಲ್ಲ. ಬರಿ, ಎಂದಳು, ತಪ್ಪು ಒಪ್ಪಿಕೊಳ್ಳೋರು ಪೇಪರಲ್ಲಿ ಒಬ್ರಾದ್ರೂ ಇರ್ಲಿ, ನಮ್ಮತ್ತೆಗೂ ಓದಿ ಹೇಳ್ತೀನಿ. ಆಮೇಲೆ ದನಿ ತಗ್ಗಿಸಿ, ಅದು ನಿನ್ನ ಹತ್ರ ಇಲ್ಲ ತಾನೆ, ಅವತ್ತು ಅಳಿಸಿದ್ದು — ರೈಲು ಸರೋವರದ ನಡುವಿನ ದಾರಿಗೆ ಬಂದಿದೆ, ಎರಡೂ ಕಡೆ ನೀರು, ಅಳಿಸಿಬಿಡು ಈಗಲೇ ಎಂದುಕೊಂಡೆ, ಒತ್ತು, ಕೆಂಪಿನಲ್ಲಿ ಒತ್ತಿದೆ, ಹೋಯಿತು, ಕಪ್ಪಿನಲ್ಲಿ ಒತ್ತಿದೆ, ಖಚಿತವೇ, ಹೌದು, ಹೋಯಿತು, ಆದರೆ ಕಡತ ಕಚೇರಿಯಲ್ಲಿದೆ, ಕಚೇರಿಯ ಕಂಪ್ಯೂಟರ್ ಪ್ರತಿ ಸಂಜೆ ತನ್ನದೇ ಇನ್ನೊಂದು ಪ್ರತಿ ಮಾಡಿ ಎಲ್ಲಿಗೋ ಕಳಿಸುತ್ತದೆ, ಎಲ್ಲಿಗೆಂದು ನಾನು ಒಮ್ಮೆಯೂ ಕೇಳಿಲ್ಲ, ಇಲ್ಲ ಎಂದರೆ ಎರಡನೇ ಸಲ ಸುಳ್ಳು, ಇದೆ ಎಂದರೆ ಅವಳು ಹತ್ತನೇ ದಿನದಿಂದ ಪ್ರತಿದಿನ ಗೇಟಿನ ಕಾವಲುಗಾರನ ಜೇಬು ನೋಡುತ್ತ ಒಳಗೆ ಹೋಗುತ್ತಾಳೆ, ಹಲೋ ಲಲ್ಲಾ, ಕೇಳಿಸ್ತಿದ್ಯಾ, ಇಲ್ಲ ತಾನೆ, ಕೇಳಿಸುತ್ತಿದೆ, ಪರದೆ ಖಾಲಿಯಾಗಿದೆ, ಖಾಲಿ ಪರದೆಯ ಮೇಲೆ ನನ್ನ ಕಣ್ಣಿಗೆ ಇನ್ನೂ ತೋರುಬೆರಳು, ಉಗುರಿನ ಕೆಳಗೆ ನೀಲಿ ದಾರ, ಒಂದು ಸುತ್ತು, ಎರಡು, ಮೂರು, ಗಂಟು, ನೀಲಿ ದಾರ —