ಕನ್ನಡಿಯ ಹಳದಿ ದೀಪ

ಗೇಟಿನ ಪಕ್ಕದ ಹೂಕುಂಡಗಳನ್ನೆಲ್ಲ ಗೋಡೆಗೆ ಸರಿಸಿ, ಕಾರು ನಿಲ್ಲುವಷ್ಟು ಜಾಗ ಆಯಿತೇ ಎಂದು ನೋಡುತ್ತಿದ್ದ ಹದ್ದಣ್ಣನನ್ನು ಹೆಂಡತಿ ಅಡುಗೆಮನೆಯ ಕಿಟಕಿಯಿಂದ ಚಹಾಕ್ಕೆ ಕರೆದಳು. ಆತ ಕತ್ತು ತಿರುಗಿಸಲಿಲ್ಲ. ಕಿರಿದಾದ ಓಣಿಯಲ್ಲಿ ಬಸ್ಸು ತಿರುಗಿಸುವವನ ಹಾಗೆ ಹೆಜ್ಜೆ ಹಿಂದೆ ಮುಂದೆ ಇಟ್ಟು, ಮೈಯನ್ನೇ ಪೂರ್ತಿ ತಿರುಗಿಸಿ, ಬಂದೆ ಎಂದ. ಹೆಂಡತಿ ಕಂಡೂ ಕಾಣದವಳಂತೆ ಲೋಟಕ್ಕೆ ಚಹಾ ಸುರಿದಳು.

ಹದ್ದಣ್ಣ ಎಂಬುದು ಡಿಪೋದವರು ಇಟ್ಟ ಹೆಸರು. ಹೊರಟ ಬಸ್ಸಿನ ಹಿಂದೆ ಎಷ್ಟು ದೂರದಲ್ಲಿ ಯಾರು ಓಡಿಬರುತ್ತಿದ್ದರೂ ಆತನ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ನಿವೃತ್ತಿಯಾಗುವವರೆಗೆ ಊರವರನ್ನೆಲ್ಲ ಕೂರಿಸಿಕೊಂಡು ಬಸ್ಸು ಓಡಿಸಿದವನಿಗೆ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವ ಯೋಗ ಮಾತ್ರ ಬಂದಿರಲಿಲ್ಲ. ಸ್ವಂತ ಕಾರಿನಲ್ಲಿ ಮಗಳ ಊರಿಗೆ ಕರೆದೊಯ್ಯುತ್ತೇನೆ ಎಂದು ಮಾತು ಕೊಟ್ಟಿದ್ದ. ಆಕೆ ಹಳೆಯ ಪರದೆಯ ಬಟ್ಟೆಯಲ್ಲಿ ಎರಡು ದಿಂಬು ಹೊಲಿದಿಟ್ಟು ಕಾಯುತ್ತಿದ್ದಳು. ತಾನೂ ಓಡಿಸಲು ಕಲಿಯಲೇ ಎಂದು ಹಿಂದೊಮ್ಮೆ ಕೇಳಿದಾಗ, ಮನೆಗೊಬ್ಬ ಡ್ರೈವರ್ ಸಾಕು ಎಂದು ಆತ ನಕ್ಕು ತಳ್ಳಿಹಾಕಿದ್ದ.

ಮಾತು ಕೊಟ್ಟ ಮೇಲೆ ಕತ್ತು ಕೈಕೊಟ್ಟಿತು. ಮೂಳೆ ಸವೆದಿದೆ, ಇನ್ನು ತಿರುಗುವುದಿಲ್ಲ, ಸ್ಟೇರಿಂಗ್ ಹಿಡಿಯುವ ಆಸೆ ಬಿಡಿ ಎಂದು ಡಾಕ್ಟರು ಹೇಳಿದ್ದನ್ನು ಹದ್ದಣ್ಣ ಯಾರ ಮುಂದೆಯೂ ಬಾಯಿಬಿಡಲಿಲ್ಲ. ಹದ್ದಿಗೇ ಕತ್ತು ಹೋಯಿತಂತೆ ಎಂದು ಡಿಪೋದವರು ನಗುವುದಿಲ್ಲವೇ? ಅಷ್ಟರಲ್ಲಿ ಕಾರುಗಳ ಮೇಳವೊಂದರಲ್ಲಿ, ಇನ್ನೂ ಮಾರುಕಟ್ಟೆಗೆ ಬರದ ಹೊಸ ಮಾದರಿ ಕಣ್ಣಿಗೆ ಬಿತ್ತು. ಅದರ ಪಕ್ಕದ ಕನ್ನಡಿಯ ಮೂಲೆಯಲ್ಲೊಂದು ಪುಟ್ಟ ಹಳದಿ ದೀಪ. ಕನ್ನಡಿಗೂ ಕಾಣದ ಕಡೆಯಿಂದ ವಾಹನ ಹತ್ತಿರ ಬಂದರೆ ಅದು ಹೊತ್ತಿಕೊಳ್ಳುತ್ತದೆ. ಕತ್ತಿನ ಕೆಲಸ ಇನ್ನು ದೀಪದ್ದು ಎಂದು ಹದ್ದಣ್ಣ ತನಗೆ ತಾನೇ ಸಮಾಧಾನ ಹೇಳಿಕೊಂಡ. ಅಲ್ಲಿದ್ದ ಶೋರೂಮಿನ ಹುಡುಗಿಯನ್ನು ದೀಪದ ಬಗ್ಗೆ ಮತ್ತೆ ಮತ್ತೆ ಕೇಳಿ, ಅಂಗಳದಲ್ಲಿ ಒಂದು ಸುತ್ತು ಓಡಿಸಿ ನೋಡಿ, ಬುಕ್ ಮಾಡಿಯೇ ಮನೆಗೆ ಬಂದ.

ಕಾರು ಮಾರುಕಟ್ಟೆಗೆ ಬಂದದ್ದೇ ತಡ, ಬುಕ್ ಮಾಡಿದವರ ಮೊಬೈಲ್ ಗುಂಪಿಗೆ ಬೆಂಕಿ ಬಿದ್ದಂತಾಯಿತು. ಮೇಳದಲ್ಲಿ ತೋರಿಸಿದ್ದ ಗಾಜಿನ ಛಾವಣಿ ಇಲ್ಲ, ತಂಪಾಗುವ ಸೀಟಿಲ್ಲ, ಬಾಗಿಲಿನ ಬಣ್ಣದ ಬೆಳಕಿಲ್ಲ. ತೋರಿಸಿದ್ದೊಂದು ಕೊಟ್ಟದ್ದೊಂದು ಎಂದು ಎಲ್ಲರೂ ಕೂಗುವಾಗ, ಛಾವಣಿಯ ಗೊಡವೆಯೇ ಇಲ್ಲದ ಹದ್ದಣ್ಣನೂ ದನಿಗೂಡಿಸಿದ. ಹಳದಿ ದೀಪದ ಮಾತನ್ನು ಯಾರೂ ಎತ್ತಲಿಲ್ಲ. ಎತ್ತಲಿಲ್ಲವೆಂದರೆ ಅದು ಇದ್ದೇ ಇದೆ ಎಂದು ಆತ ನೆಮ್ಮದಿಯಾಗಿದ್ದ.

ಕಾರು ಕೊಡುವ ದಿನ ಹೆಂಡತಿ ದಿಂಬುಗಳನ್ನು ಚೀಲದಲ್ಲಿ ಹಾಕಿಕೊಂಡು ಜೊತೆಗೆ ಹೊರಟಳು. ಶೋರೂಮಿನಲ್ಲಿ ಆಗಲೇ ಹತ್ತಾರು ಜನ ಸೇರಿದ್ದರು. ಎದುರಿಗೆ ಸಿಕ್ಕಿದವಳು ಅದೇ ಹುಡುಗಿ. ಎಲ್ಲರ ಸಿಟ್ಟೂ ಅವಳ ಮೇಲೆ ಸುರಿಯಿತು. ಸುಳ್ಳು ಹೇಳಿ ಮಾರುವುದಕ್ಕಿಂತ ಮನೆಯಲ್ಲಿ ಸುಮ್ಮನಿರಬಾರದೇ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಗದರಿದವನು ಹದ್ದಣ್ಣನೇ. ಅವಳು ತಲೆ ತಗ್ಗಿಸಿ ನಿಂತಳು. ಮ್ಯಾನೇಜರು ಬಂದು ಕೈ ಮುಗಿದರು. ಬಿಡಿಭಾಗಗಳು ಸಿಗಲಿಲ್ಲವಂತೆ, ಎಲ್ಲವನ್ನೂ ಹಾಕಿದ್ದರೆ ಬೆಲೆ ಏರುತ್ತಿತ್ತಂತೆ. ತೀರ್ಮಾನ ಮಾಡುವವರು ಎಲ್ಲೋ ಇರುತ್ತಾರೆ, ಬೈಗುಳ ತಿನ್ನುವವರು ನಾವು ಎಂದರು. ಅದೂ ಸುಳ್ಳಲ್ಲ. ಆದರೆ ಮೊದಲೇ ಹೇಳಬಹುದಿತ್ತಲ್ಲ ಎಂದು ಯಾರೋ ಕೇಳಿದಾಗ ಮತ್ತೊಮ್ಮೆ ಕೈ ಮುಗಿದರು.

ಗದ್ದಲ ತಗ್ಗಿದ ಮೇಲೆ ಹದ್ದಣ್ಣ ಹೊರಗೆ ನಿಲ್ಲಿಸಿದ್ದ ಕಾರಿನ ಬಳಿಗೆ ಹೆಂಡತಿಯನ್ನು ಕರೆದೊಯ್ದ. ಹುಡುಗಿ ಅವರ ಹಿಂದೆಯೇ ಬಂದಳು.

"ಸರ್, ಸಹಿ ಹಾಕೋ ಮುಂಚೆ ಒಂದು ಮಾತು. ಕನ್ನಡಿಯಲ್ಲಿ ಆ ಹಳದಿ ದೀಪಾನೂ ಇಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ ಅಂತ ನಮಗೆ ಹೇಳಿದ್ದಾರೆ. ದೀಪದ ಬಗ್ಗೆ ಇವತ್ತು ಯಾರೂ ಕೇಳಲಿಲ್ಲ."

ಹದ್ದಣ್ಣ ಬಗ್ಗಿ ಕನ್ನಡಿಯ ಮೂಲೆಯನ್ನು ಬೆರಳಿನಿಂದ ಸವರಿ ನೋಡಿದ. ಆದರೂ ಜಂಬ ಬಿಡಲಿಲ್ಲ. "ದೀಪ ಯಾರಿಗೆ ಬೇಕಮ್ಮ? ನಾನು ಬಸ್ ಓಡಿಸಿದವನು."

"ಆವತ್ತು ಓಡಿಸುವಾಗ ನಾನು ಹಿಂದಿನ ಸೀಟಲ್ಲಿದ್ದೆ ಸರ್. ಒಂದು ಸಲ ಕರೆದೆ. ನೀವು ಕಾರು ನಿಲ್ಲಿಸಿ, ಆಮೇಲೆ ಮೈ ಪೂರ್ತಿ ತಿರುಗಿಸಿದಿರಿ." ಅವಳು ಹೆಂಡತಿಯ ಕಡೆ ನೋಡಿ ದನಿ ತಗ್ಗಿಸಿದಳು. "ದೀಪ ಇದೆ ಅಂದ್ಕೊಂಡು ನೀವು ರಸ್ತೆಗೆ ಇಳಿದುಬಿಟ್ಟರೆ ಅಂತ ಭಯ ಆಯ್ತು."

ಹದ್ದಣ್ಣನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹೆಂಡತಿ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.

"ಬಿಡಮ್ಮ, ನಿಮ್ಮ ಕಂಪನಿಯೊಂದೇ ಅಲ್ಲ," ಎಂದಳು. "ನಾನು ಇವರನ್ನ ಬುಕ್ ಮಾಡಿದಾಗ ಕತ್ತೂ ತಿರುಗುತ್ತಿತ್ತು. ಯಾವಾಗ ತೆಗೆದುಹಾಕಿದರೋ, ನನಗೂ ಯಾರೂ ಹೇಳಲಿಲ್ಲ."

ಮೊದಲು ನಕ್ಕವನು ಹದ್ದಣ್ಣನೇ. ನಗುತ್ತಲೇ ಕಣ್ಣು ತುಂಬಿಕೊಂಡವು. ಮೊದಲೇ ಹೇಳಬಹುದಿತ್ತಲ್ಲ ಎಂದು ಶೋರೂಮಿನೊಳಗೆ ಯಾರೋ ಕೇಳಿದ್ದ ಮಾತು ಈಗ ತನಗೇ ತಿರುಗಿ ಬಂದಿತ್ತು. ಈ ಕಾರಿನಲ್ಲಿ, ಇಲ್ಲದ ದೀಪವನ್ನು ನಂಬಿ, ಪಕ್ಕದಲ್ಲಿ ಈಕೆಯನ್ನೇ ಕೂರಿಸಿಕೊಂಡು ಹೊರಟಿದ್ದನಲ್ಲ! ಮುಂದಿನದನ್ನು ಯೋಚಿಸಲೂ ಆತನಿಗೆ ಧೈರ್ಯವಾಗಲಿಲ್ಲ. ಆಗಷ್ಟೇ ಗದರಿಸಿಕೊಂಡವಳು ಬಂದು ಎರಡು ಜೀವ ಉಳಿಸಿದ್ದಳು.

"ತಪ್ಪಾಯ್ತಮ್ಮ," ಎಂದ ಹದ್ದಣ್ಣ. "ನಿನ್ನ ಉಪಕಾರ ಮರೆಯೋದಿಲ್ಲ."

ಹುಡುಗಿಯೇ ಹೇಳಿದಳು ಎಂದು ಗೊತ್ತಾದರೆ ಅವಳ ಕೆಲಸಕ್ಕೆ ಕುತ್ತು. ಹದ್ದಣ್ಣ ಒಬ್ಬನೇ ಒಳಗೆ ಹೋಗಿ ಎಲ್ಲರ ನಡುವೆ ನಿಂತ. ಕನ್ನಡಿಯಲ್ಲಿ ಹಳದಿ ದೀಪ ಇದೆಯೋ ಇಲ್ಲವೋ ಎಂದು, ಏನೂ ತಿಳಿಯದವನಂತೆ ಮ್ಯಾನೇಜರನ್ನು ಕೇಳಿದ. ಅವರು ತಡವರಿಸಿ, ಇಲ್ಲ ಎಂದರು.

"ಗಾಜಿನ ಛಾವಣಿ ಇಲ್ಲದಿದ್ದರೆ ಆಕಾಶ ಕಾಣೋದಿಲ್ಲ, ಅಷ್ಟೆ," ಎಂದ ಹದ್ದಣ್ಣ. "ನನ್ನ ಕತ್ತು ತಿರುಗೋದಿಲ್ಲ ಸ್ವಾಮಿ. ದೀಪ ಇಲ್ಲದಿದ್ದರೆ ನನಗೆ ಪಕ್ಕದಲ್ಲಿರೋ ಮನುಷ್ಯ ಕಾಣೋದಿಲ್ಲ. ಬೇರೆ ಏನೇನು ಇಲ್ಲ, ಎಲ್ಲಾ ಹೇಳಿಬಿಡಿ. ಬೇಕಾದವರು ತಗೊಳ್ತೀವಿ."

ಹಿಂದೆ ನಿಂತಿದ್ದ ಹಿರಿಯರೊಬ್ಬರು ತಾವೂ ದೀಪವನ್ನೇ ನಂಬಿದ್ದಾಗಿ ಮೆಲ್ಲಗೆ ಹೇಳಿದರು. ಮ್ಯಾನೇಜರು ಹಣೆ ಒರೆಸಿಕೊಂಡು, ಕಾರಿನಲ್ಲಿ ಇಲ್ಲದ್ದನ್ನೆಲ್ಲ ಒಂದೊಂದಾಗಿ ಹೇಳತೊಡಗಿದರು. ಗಾಜಿನಾಚೆ ಹುಡುಗಿ ಕೇಳಿಸಿಕೊಳ್ಳುತ್ತಿದ್ದಳು.

ಹೊರಗೆ ಬಂದು, ಕಾರು ಬೇಡವೆಂದು ಹೇಳಿಬಿಡಲೇ ಎಂದು ಹದ್ದಣ್ಣ ಹೆಂಡತಿಯನ್ನು ಕೇಳಿದ.

"ಕಾರು ಇರಲಿ," ಎಂದಳು ಆಕೆ. "ಡ್ರೈವರನ್ನ ಬದಲಾಯಿಸೋಣ."

ಮೈದಾನದಲ್ಲಿ ಹೆಂಡತಿಯ ಕಲಿಕೆ ನಡೆಯಿತು. ಗೇರು ಕಿರುಗುಟ್ಟಿದಾಗಲೆಲ್ಲ ಹದ್ದಣ್ಣ ಹಲ್ಲು ಕಚ್ಚಿ ಸುಮ್ಮನಿದ್ದ. ಯಾರಾದರೂ ಡಿಪೋದವರು ಸಿಕ್ಕಿದರೆ, ಕತ್ತು ಹೋಯಿತು ಕಣಯ್ಯ, ಈಗ ಇವಳೇ ಡ್ರೈವರ್ ಎಂದು ತಾನೇ ಹೇಳುತ್ತಿದ್ದ. ಯಾರೂ ನಗಲಿಲ್ಲ, ಒಬ್ಬನಂತೂ ತನ್ನ ಮಂಡಿನೋವಿನ ಕಥೆ ಹೇಳಿಕೊಂಡ.

ಲೈಸೆನ್ಸು ಕೈಗೆ ಬಂದ ಮೇಲೆ ಮಗಳ ಊರಿಗೆ ಹೊರಟರು. ದಾರಿಯಲ್ಲಿ ಶೋರೂಮಿನ ಮುಂದೆ ಕಾರು ನಿಲ್ಲಿಸಿದರು. ಹುಡುಗಿ ಹೊರಗೆ ಓಡಿಬಂದಳು. ಹೆಂಡತಿ ಎರಡು ದಿಂಬುಗಳಲ್ಲಿ ಒಂದನ್ನು ಅವಳ ಕೈಗಿಟ್ಟಳು. ದಿನವಿಡೀ ನಿಂತಿರುತ್ತೀಯ, ಕೂತಾಗ ಬೆನ್ನಿಗೆ ಇಟ್ಟುಕೊ ಎಂದಳು.

ಮತ್ತೆ ಹೊರಡುವ ಮುನ್ನ ಆಕೆ ಕನ್ನಡಿ ನೋಡಿದಳು. ಆಮೇಲೆ ಕತ್ತನ್ನು ಭುಜದವರೆಗೂ ಹೊರಳಿಸಿ, ಸೈಕಲ್ಲೊಂದು ದಾಟಿ ಹೋಗುವವರೆಗೆ ಕಾದಳು. ಪಕ್ಕದಲ್ಲಿ ಕೂತಿದ್ದ ಹದ್ದಣ್ಣ ಬಾಗಿಲನ್ನು ಅಂಗೈಯಿಂದ ಎರಡು ಸಲ ತಟ್ಟಿ, ತನ್ನ ಹಳೆಯ ಬಸ್ಸಿನ ಕಂಡಕ್ಟರನ ದನಿಯಲ್ಲಿ ಹೇಳಿದ:

"ರೈಟ್, ರೈಟ್."