ಜೀರಿಗೆ ನೀರು

"ಇವತ್ತ ಬ್ಯಾಡ್ರಿ, ಭಟ್ರ," ಎಂದು ಶಾಂತಾ ಹಾಸಿದ್ದ ಚಾಪೆಯನ್ನು ಮತ್ತೆ ಸುತ್ತಿಟ್ಟಳು.

ಸೂರತ್ತಿನ ಸ್ಟೇಷನ್ ಹಿಂದಿನ ಗಲ್ಲಿಯಲ್ಲಿ ಮಧ್ಯಾಹ್ನ ಮೂರರ ಬಿಸಿಲು. ಉಡುಪಿ ಹೋಟೆಲಿನ ಊಟದ ಗದ್ದಲ ಮುಗಿಸಿ, ಮಿಂದು, ಇಸ್ತ್ರಿಯ ಅಂಗಿ ತೊಟ್ಟು ಬಂದಿದ್ದ ಅಡಿಗೆಯ ಅಚ್ಯುತ ಪೆಚ್ಚಾದ. ಮೂರು ವರ್ಷದಿಂದ ಅವನು ಬರುತ್ತಿದ್ದುದು ಅರ್ಧ ಅವಳಿಗಾಗಿ, ಅರ್ಧ ಅವಳ ಗೋಕಾಕದ ಕನ್ನಡಕ್ಕಾಗಿ. ಆ ಗಲ್ಲಿಯಲ್ಲಿ ಕನ್ನಡ ಬಲ್ಲವಳು ಅವಳೊಬ್ಬಳೇ.

"ಎಂತ, ಹುಷಾರಿಲ್ವಾ?"

"ನಂಗ ಆರಾಮೈತಿ. ಹೋದ ತಿಂಗಳ ದವಾಖಾನ್ಯಾಗ ಸೂಜಿ ಹಾಕಿಸಿಕೊಂಡೀನಿ. ನಿಮಗ ಒಂದಕ್ಕ ಹೋಗೂಮುಂದ ಉರಿ ಇತ್ತಲ್ಲ, ಹೋತೇನು?"

ಅಚ್ಯುತ ನಕ್ಕುಬಿಟ್ಟ. "ಅದು ಉಷ್ಣ ಮಾರಾಯ್ತಿ. ದಿನಾ ಹತ್ತು ಗಂಟೆ ಒಲೆ ಮುಂದೆ ನಿಂತರೆ ಇನ್ನೆಂತ ಆಗ್ತದೆ? ಜೀರಿಗೆ ನೀರು ಕುಡೀತಾ ಇದ್ದೇನೆ."

ಅವನ ಊರಿನವರಿಗೆ ಉಷ್ಣವೆಂಬುದು ಎಲ್ಲದಕ್ಕೂ ಉತ್ತರ. ಕಣ್ಣು ಕೆಂಪಾದರೆ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ, ಸುಮ್ಮಸುಮ್ಮನೆ ಸಿಟ್ಟು ಬಂದರೂ ಉಷ್ಣವೇ. ವರ್ಷದಿಂದ ನೆತ್ತಿಗೆ ಎಣ್ಣೆ ತಿಕ್ಕಿ ತಿಕ್ಕಿ ಅವನ ದಿಂಬು ಜಿಡ್ಡುಗಟ್ಟಿತ್ತು.

"ಕೀವು ಬರತೈತೇನು?"

ಅವನು ಬಾಗಿಲ ಕಡೆ ನೋಡುತ್ತ ಹೌದೆಂದು ತಲೆಯಾಡಿಸಿದ.

"ಹಂಗಾರ ಉಷ್ಣ ಅಲ್ರಿ. ನಂಗೂ ಅದೇ ಆಗಿತ್ತು. ನನ್ನಿಂದ ನಿಮಗ ಬಂತೋ, ನಿಮ್ಮಿಂದ ನನಗೋ, ಯಾರಿಗ್ಗೊತ್ತು. ಕೂಡಿದವರಿಗೆಲ್ಲಾ ಹತ್ತತೈತಿ ಅಂತ ನರ್ಸಬಾಯಿ ಹೇಳ್ಯಾಳ." ಶಾಂತಾ ಗೂಡಿನಿಂದ ಒಂದು ನಿರೋಧ್ ಪೊಟ್ಟಣ ತೆಗೆದು ತೋರಿಸಿದಳು. ಅದು ಪೇಟೆಗೆ ಬಂದು ವರ್ಷವಾಗಿತ್ತಷ್ಟೆ. "ಸೂಜಿ ಹಾಕಿಸಿಕೊಂಡು ಆರಾಮಾಗಿ ಬರ್ರಿ. ಆಮ್ಯಾಲೂ ಇದನ್ನ ಹಾಕ್ಕೊಳ್ಳದ ನನ್ನ ಚಾಪಿ ಮುಟ್ಟೂಹಂಗಿಲ್ಲ."

ಅಚ್ಯುತನಿಗೆ ಮೈಯೆಲ್ಲ ಉರಿದುಹೋಯಿತು. ಇವಳಿಂದ ಪಾಠ ಹೇಳಿಸಿಕೊಳ್ಳುವ ಕಾಲ ಬಂತಲ್ಲ. ಅವಳ ಬಾಯಿ ಮುಚ್ಚಿಸಲೆಂದೇ, ಮುಂಜಾನೆ ಬಂದಿದ್ದ ಹೆಂಡತಿಯ ಕಾಗದವನ್ನು ಜೇಬಿನಿಂದ ತೆಗೆದ.

"ಉಷ್ಣ ಅಲ್ವಂತೆ. ಊರಲ್ಲಿ ನನ್ನ ಸುಮತಿಗೂ ಆಗಿದೆ. ಅವಳೆಂತ ಈ ಗಲ್ಲಿಗೆ ಬಂದಿದ್ಲಾ? ಕೇಳು." ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಓದಿದ. "ನೀವು ಮೇ ತಿಂಗಳಲ್ಲಿ ಬಂದು ಹೋದ ಮೇಲೆ ನನಗೂ ಉಷ್ಣ. ಉರಿ, ಕಿಬ್ಬೊಟ್ಟೆ ನೋವು. ನೀವು ಹೇಳಿದ ಜೀರಿಗೆ ನೀರನ್ನು ಮೂರು ಹೊತ್ತೂ ಬಿಡದೆ..."

ಮುಂದೆ ಓದಲಿಲ್ಲ. ಶಾಂತಾ ಅವನಿಗೆ ಕೂರಲು ಮಣೆ ಸರಿಸಿದಳು. ಮೊದಲಿನ ಸಾಲನ್ನೇ ಅವನು ಮನಸ್ಸಿನಲ್ಲಿ ಮತ್ತೆ ಓದಿಕೊಂಡ. ಬಂದು ಹೋದ ಮೇಲೆ.

"ಇಬ್ಬರಿಗೂ ಸೂಜಿ ಆಗಬೇಕ್ರಿ," ಎಂದಳು. "ಒಬ್ಬರಿಗೇ ಆದ್ರ ಮತ್ತ ಹತ್ತತೈತಿ. ಕಾಗದದಾಗ ಬರೀಬ್ಯಾಡ್ರಿ, ಮನ್ಯಾಗ ಯಾರರ ಓದ್ತಾರ. ನೀವ ಹೋಗ್ರಿ."

ಮರುದಿನ ದವಾಖಾನೆಯಲ್ಲಿ ಸೂಜಿ ಹಾಕಿಸಿಕೊಂಡು ಕುಂಟುತ್ತ ಬಂದು ಅಚ್ಯುತ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ರಜೆ ಕೇಳಿದ. ಯಜಮಾನ ಪದ್ಮನಾಭರಾಯರು ಅವನ ಬಾಡಿದ ಮುಖ ನೋಡಿ, ಹಂಡೆಯಿಂದ ಒಂದು ಲೋಟ ಬಿಸಿ ಜೀರಿಗೆ ನೀರು ತರಿಸಿ ಮುಂದಿಟ್ಟರು.

"ಮೊದಲು ಕುಡಿ. ಮೇಯಲ್ಲಿ ಹೋಗಿ ಬಂದಿದ್ದಿಯಲ್ಲ, ಈಗ ಎಂತಕ್ಕೆ ರಜೆ?"

"ಸುಮತಿಯನ್ನು ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು."

"ಎಂತ ಆಗಿದೆ ಅವಳಿಗೆ?"

ಉಷ್ಣ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು.

"ನನ್ನಿಂದ ಆದದ್ದು," ಎಂದ ಅಚ್ಯುತ.

ರಾಯರು ಅವನನ್ನೇ ನೋಡಿದರು. ಇಬ್ಬರ ನಡುವೆ ಗಲ್ಲಾಪೆಟ್ಟಿಗೆಯ ಮೇಲೆ ಜೀರಿಗೆ ನೀರು ಆರುತ್ತಿತ್ತು.